ಹೊಸ ಹೆಣಿಗೆ ಕಲಿಯಲು ಹಿಂಜರಿಯುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿಯಲ್ಲಿ ಮಳೆ ಹಿಡಿಯಿತೆಂದರೆ ಅಟ್ಟದ ಮೇಲಿದ್ದ ಹೆಣಿಗೆಯ ಚೀಲಗಳು ಕೆಳಗೆ ಇಳಿಯುತ್ತವೆ. ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರದ ಕಡೆಯ ಹೆಂಗಸರು, ಈಚೆಗೆ ಕೆಲವು ಗಂಡಸರೂ, ನನ್ನನ್ನು ಕೇಳುವ ಪ್ರಶ್ನೆಗಳು ಮೇಲ್ನೋಟಕ್ಕೆ ಸೂಜಿ ಮತ್ತು ನೂಲಿಗೆ ಸಂಬಂಧಿಸಿದವು. ಆದರೆ ಬಹಳಷ್ಟು ಪ್ರಶ್ನೆಗಳ ಹಿಂದೆ ಇರುವುದು ಒಂದೇ ಅಳುಕು: ‘ಇದು ನನ್ನಿಂದ ಆಗುತ್ತದೆಯೇ?’ ಈ ಅಳುಕನ್ನು ಧೈರ್ಯದ ಮಾತು ಹೇಳಿ ಓಡಿಸಲು ಸಾಧ್ಯವಿಲ್ಲ. ಕೆಟ್ಟದ್ದನ್ನು ಸರಿಮಾಡುವುದು ಕೈಗೆ ಗೊತ್ತಾದರೆ ಅದು ತಾನಾಗಿ ಸಡಿಲವಾಗುತ್ತದೆ. ಹಾಗಾಗಿ ಈ ಉತ್ತರಗಳಲ್ಲಿ ಬಿಚ್ಚುವ ವಿಷಯ ಮತ್ತೆ ಮತ್ತೆ ಬರುತ್ತದೆ.

ನನಗೆ ಸೀದಾ, ಉಲ್ಟಾ ಎರಡೇ ಬರುವುದು. ಜಡೆ ವಿನ್ಯಾಸ, ಜಾಲರಿ, ಕಾಲುಚೀಲ ಎಲ್ಲ ನನ್ನಂಥವರಿಗೆ ಸಾಧ್ಯವೇ?

ಸೀದಾ (ನಿಟ್), ಉಲ್ಟಾ (ಪರ್ಲ್) ಎಂಬ ಆ ಎರಡು ಬಗೆಯ ಕುಣಿಕೆ ಬಂದರೆ ಹೆಣಿಗೆಯ ಮೂಲವೇ ಬಂದಂತೆ. ಉಳಿದದ್ದೆಲ್ಲ ಇವುಗಳ ಜಾಗ ಬದಲಿಸುವ, ಲೆಕ್ಕ ಬದಲಿಸುವ ಉಪಾಯಗಳು.

ಜಡೆಯಂತೆ ತಿರುಚಿಕೊಂಡು ಕಾಣುವ ಕೇಬಲ್ ವಿನ್ಯಾಸವನ್ನೇ ನೋಡಿ. ನಾಲ್ಕು ಕುಣಿಕೆಗಳ ಜಡೆಗೆ ಮೊದಲ ಎರಡು ಕುಣಿಕೆಗಳನ್ನು ಒಂದು ಸೇಫ್ಟಿ ಪಿನ್ನಿಗೆ ತೆಗೆದು ಮುಂದೆ ನೇತಾಡಲು ಬಿಡಬೇಕು. ಮುಂದಿನ ಎರಡನ್ನು ಸೀದಾ ಹೆಣೆದು, ಆಮೇಲೆ ಪಿನ್ನಿನಲ್ಲಿದ್ದ ಎರಡನ್ನು ಹೆಣೆಯಬೇಕು. ಅಷ್ಟೇ ಕೆಲಸ. ಪಿನ್ ಮುಂದಿದ್ದರೆ ಜಡೆ ಎಡಕ್ಕೆ ವಾಲುತ್ತದೆ, ಹಿಂದಿದ್ದರೆ ಬಲಕ್ಕೆ. ಹೀಗೆ ದಾಟಿಸುವುದು ಆರು ಸಾಲುಗಳಿಗೆ ಒಮ್ಮೆ ಮಾತ್ರ. ನಡುವಿನ ಐದು ಸಾಲು ನಿಮಗೆ ಈಗಾಗಲೇ ಬರುವ ಸೀದಾ ಮತ್ತು ಉಲ್ಟಾ. ಜಡೆಯ ಎರಡೂ ಬದಿಗೆ ಕೆಲವು ಉಲ್ಟಾ ಕುಣಿಕೆ ಇಟ್ಟುಕೊಂಡರೆ ಅದು ಎದ್ದು ಕಾಣುತ್ತದೆ.

ಜಾಲರಿಯ ಗುಟ್ಟು ಇನ್ನೂ ಚಿಕ್ಕದು. ನೂಲನ್ನು ಸೂಜಿಯ ಮೇಲೆ ಒಮ್ಮೆ ಸುತ್ತಿದರೆ ಒಂದು ತೂತು ಮೂಡುತ್ತದೆ, ಜೊತೆಗೆ ಒಂದು ಕುಣಿಕೆ ಹೆಚ್ಚುತ್ತದೆ. ಪಕ್ಕದಲ್ಲೇ ಎರಡು ಕುಣಿಕೆಗಳನ್ನು ಒಟ್ಟಿಗೆ ಹೆಣೆದರೆ ಹೆಚ್ಚಾದ ಒಂದು ಕಡಿಮೆಯಾಗುತ್ತದೆ. ತೂತು ಉಳಿಯುತ್ತದೆ, ಲೆಕ್ಕ ಮೊದಲಿನಷ್ಟೇ ಇರುತ್ತದೆ. ಮದುವೆಯ ಶಾಲುಗಳಲ್ಲಿ ಕಾಣುವ ಎಲೆ, ಹೂವುಗಳೆಲ್ಲ ಈ ಕೂಡು-ಕಳೆಯುವ ಲೆಕ್ಕದಿಂದಲೇ ಅರಳುವುದು.

ತಪ್ಪಾದರೆ ಅಷ್ಟು ದಿನದ ಕೆಲಸ ಹಾಳಾಗುತ್ತದಲ್ಲ? ಆ ಭಯಕ್ಕೇ ಹೊಸದಕ್ಕೆ ಕೈ ಹಾಕುವುದಿಲ್ಲ.

ನನ್ನನ್ನು ಅತಿ ಹೆಚ್ಚು ಮಂದಿ ಕೇಳುವ ಪ್ರಶ್ನೆ ಇದು. ಉತ್ತರ ಸ್ವಲ್ಪ ಉದ್ದವಿದೆ.

ಕಾರವಾರದ ಬೈತಖೋಲ್ ಬಂದರಿನಲ್ಲೋ ತದಡಿಯಲ್ಲೋ ಬಲೆ ರಿಪೇರಿ ಮಾಡುವವರ ಪಕ್ಕ ಸ್ವಲ್ಪ ಹೊತ್ತು ನಿಂತು ನೋಡಿ. ಬಲೆಯ ಪ್ರತಿ ಕಣ್ಣಿಗೂ ಒಂದು ಬಿಗಿಯಾದ ಗಂಟು ಇರುತ್ತದೆ. ಒಂದು ಕಡೆ ಹರಿದರೆ ಪಕ್ಕದ ಕಣ್ಣುಗಳು ಅಲ್ಲಾಡುವುದಿಲ್ಲ. ಹಾಗೆಯೇ, ತಪ್ಪಾಗಿ ಬಿದ್ದ ಗಂಟನ್ನು ಸುಲಭವಾಗಿ ಬಿಡಿಸಲೂ ಆಗುವುದಿಲ್ಲ, ಕತ್ತರಿಸಿ ಹೊಸದಾಗಿ ಕಟ್ಟಬೇಕು. ನಮ್ಮ ಸೂಜಿ ಹೆಣಿಗೆಯಲ್ಲಿ ಗಂಟೇ ಇಲ್ಲ. ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುತ್ತಾ ಹೋಗುತ್ತೇವೆ, ಅಷ್ಟೇ. ಸೂಜಿ ಜಾರಿದರೆ ಸರಸರನೆ ಬಿಚ್ಚಿಹೋಗುತ್ತದೆಂದು ನಾವು ಹೆದರುವ ಗುಣವೇ ಹೆಣಿಗೆಯ ದೊಡ್ಡ ಉಪಕಾರ. ಇಡೀ ಸ್ವೆಟರನ್ನು ಬಿಚ್ಚಿದರೂ ಕೈಗೆ ಸಿಗುವುದು ಅದೇ ನೂಲು, ಒಂದು ಗೇಣೂ ಕಡಿಮೆಯಾಗದೆ. ಹೊಲಿಗೆಯಲ್ಲಿ ಬಟ್ಟೆಯನ್ನು ತಪ್ಪಾಗಿ ಕತ್ತರಿಸಿದರೆ ಬಟ್ಟೆ ಹೋಯಿತು, ಅಡುಗೆಯಲ್ಲಿ ಉಪ್ಪು ಹೆಚ್ಚಾದರೆ ತೆಗೆಯುವಂತಿಲ್ಲ. ಹೆಣಿಗೆಯಲ್ಲಿ ಹೋಗುವುದು ಸಮಯ ಮಾತ್ರ, ಅದರಲ್ಲೂ ಕೈ ಕಲಿತದ್ದು ಉಳಿಯುತ್ತದೆ.

ಆದ್ದರಿಂದ ಹೊಸ ವಿನ್ಯಾಸ ಕಲಿಯುವ ಮೊದಲು ಬಿಚ್ಚುವುದನ್ನು ಕಲಿಯಿರಿ. ಇದನ್ನು ಯಾರೂ ಮೊದಲು ಕಲಿಸುವುದಿಲ್ಲ ಎಂಬುದು ನನಗೆ ಬೇಸರದ ಸಂಗತಿ.

ಬಿಚ್ಚುವುದರಲ್ಲಿ ಮೂರು ಬಗೆ. ತಪ್ಪು ಅದೇ ಸಾಲಿನಲ್ಲಿದ್ದರೆ, ಎಡಗೈ ಸೂಜಿಯ ತುದಿಯನ್ನು ಬಲಗೈ ಸೂಜಿಯ ಕುಣಿಕೆಗಿಂತ ಒಂದು ಸಾಲು ಕೆಳಗಿನ ಕುಣಿಕೆಗೆ ತೂರಿಸಿ, ಮೇಲಿನದನ್ನು ಜಾರಿಸಿ ನೂಲು ಎಳೆಯಿರಿ. ಒಂದೊಂದೇ ಕುಣಿಕೆ ಹಿಂದಕ್ಕೆ ಬರುತ್ತದೆ. ತಪ್ಪು ಕೆಲವು ಸಾಲು ಕೆಳಗೆ ಒಂದೇ ಕುಣಿಕೆಯಲ್ಲಿದ್ದರೆ, ಅದರ ನೇರ ಮೇಲಿರುವ ಒಂದು ಕುಣಿಕೆಯನ್ನು ಮಾತ್ರ ಬೇಕೆಂದೇ ಜಾರಿಸಿ, ತಪ್ಪಿನ ಜಾಗದವರೆಗೆ ಏಣಿಯಂತೆ ಇಳಿಯಲು ಬಿಡಿ. ಆಮೇಲೆ ತುದಿಯಲ್ಲಿ ಕೊಕ್ಕೆಯಿರುವ ಕ್ರೋಶಾ ಸೂಜಿಯಿಂದ ಒಂದೊಂದೇ ಮೆಟ್ಟಿಲನ್ನು ಕುಣಿಕೆಯೊಳಗಿಂದ ಎಳೆಯುತ್ತಾ ಮೇಲೆ ಹತ್ತಿಸಿ. ಅಕ್ಕಪಕ್ಕದ ಕುಣಿಕೆಗಳಿಗೆ ಏನೂ ಆಗುವುದಿಲ್ಲ. ತಪ್ಪು ತುಂಬಾ ಕೆಳಗಿದ್ದು ಅಗಲಕ್ಕೆ ಹರಡಿದ್ದರೆ ಮಾತ್ರ ಸೂಜಿ ತೆಗೆದು ಸಾಲುಸಾಲಾಗಿ ಎಳೆಯುವುದು. ಮತ್ತೆ ಎತ್ತಿಕೊಳ್ಳುವಾಗ ಒಂದು ಅಳತೆ ತೆಳುವಾದ ಸೂಜಿ ಬಳಸಿದರೆ ಕುಣಿಕೆಗಳು ಜಗಳವಾಡದೆ ಬರುತ್ತವೆ. ಪ್ರತಿ ಕುಣಿಕೆಯ ಬಲಗಾಲು ಸೂಜಿಯ ಮುಂದಿರಬೇಕು. ಹಿಂದಿದ್ದರೆ ಅದು ತಿರುಚಿಕೊಂಡಿದೆ ಎಂದರ್ಥ.

ಕಷ್ಟದ ವಿನ್ಯಾಸ ಶುರುಮಾಡುವ ಮುನ್ನ ಇನ್ನೊಂದು ಭದ್ರತೆ ಇದೆ. ಬೇರೆ ಬಣ್ಣದ ನುಣುಪಾದ ಹತ್ತಿ ದಾರವನ್ನು ದಪ್ಪ ಹೊಲಿಗೆ ಸೂಜಿಗೆ ಪೋಣಿಸಿ, ಹೆಣಿಗೆಯ ಸೂಜಿಯ ಮೇಲಿರುವ ಎಲ್ಲ ಕುಣಿಕೆಗಳ ಮೂಲಕ ಹಾಯಿಸಿ ಹಾಗೆಯೇ ಬಿಟ್ಟುಬಿಡಿ. ಮುಂದೆ ಎಷ್ಟೇ ಕೆಟ್ಟರೂ ಬಿಚ್ಚುವಿಕೆ ಆ ದಾರದ ಬಳಿ ನಿಲ್ಲುತ್ತದೆ. ಜಾಲರಿ ಕಲಿಯುವವರು ಹತ್ತು ಸಾಲಿಗೊಮ್ಮೆ ಇದನ್ನು ಹಾಕಿಕೊಳ್ಳಲಿ. ಪಳಗಿದವರೂ ಹಾಕುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ.

ಈಗ ಒಂದು ಅಭ್ಯಾಸ. ಇಪ್ಪತ್ತು ಕುಣಿಕೆ, ಇಪ್ಪತ್ತು ಸಾಲಿನ ತುಂಡೊಂದನ್ನು ಹೆಣೆಯಿರಿ. ನಡುವಿನ ಒಂದು ಕುಣಿಕೆಯನ್ನು ಉದ್ದೇಶಪೂರ್ವಕವಾಗಿ ಜಾರಿಸಿ, ಐದು ಸಾಲು ಇಳಿಸಿ, ಮತ್ತೆ ಹತ್ತಿಸಿ. ಕೈ ನಡುಗುವುದು ನಿಲ್ಲುವ ತನಕ ಇದನ್ನೇ ಮಾಡಿ. ಆಮೇಲೆ ಸೂಜಿಯನ್ನೇ ಪೂರ್ತಿ ಹೊರಗೆಳೆದು ಮತ್ತೆ ತೂರಿಸಿ. ಇಷ್ಟಾದ ಮೇಲೆ ಜಡೆ, ಜಾಲರಿ ಕಲಿಯಲು ಬರುವವರ ಮುಖವೇ ಬೇರೆಯಾಗಿರುತ್ತದೆ.

ಒಂದು ಎಚ್ಚರಿಕೆ: ರೋಮ ಎದ್ದಿರುವ ಮೊಹೇರ್ ಬಗೆಯ ನೂಲು ಒಂದಕ್ಕೊಂದು ಸಿಕ್ಕಿಕೊಳ್ಳುತ್ತದೆ, ಬಿಚ್ಚುವುದು ನಿಜವಾಗಿಯೂ ಕಷ್ಟ. ಕಲಿಕೆಗೆ ಅದು ಬೇಡ.

ತಪ್ಪಾಗಿದೆ ಎಂದು ಗೊತ್ತಾಗುತ್ತದೆ, ಎಲ್ಲಿ ಎಂದು ಗೊತ್ತಾಗುವುದಿಲ್ಲ. ನನ್ನ ಕಣ್ಣೇ ಸರಿಯಿಲ್ಲವೇನೋ.

ಹೆಣಿಗೆಯನ್ನು ಓದುವ ಅಭ್ಯಾಸವಾಗಿಲ್ಲ, ಅಷ್ಟೇ. ಸೀದಾ ಕುಣಿಕೆ ಮುಂದಿನಿಂದ ನೋಡಿದರೆ ಇಂಗ್ಲಿಷಿನ V ಅಕ್ಷರದಂತೆ ಕೆಳಗೆ ಚೂಪಾಗಿ, ಮೇಲೆ ಎರಡು ಕಾಲು ಬಿಚ್ಚಿಕೊಂಡಿರುತ್ತದೆ. ಉಲ್ಟಾ ಕುಣಿಕೆ ಅಡ್ಡಲಾದ ಉಬ್ಬು. ಸೀದಾದ ಬೆನ್ನೇ ಉಲ್ಟಾ. ಪ್ರತಿ ಸಾಲು ಮುಗಿದಾಗ ಅದನ್ನು ಬೆಳಕಿಗೆ ಹಿಡಿದು ಒಮ್ಮೆ ನೋಡಿ, ಮುಗಿಸುವ ಆತುರದಲ್ಲಿ ಸೂಜಿ ತಿರುಗಿಸಬೇಡಿ.

ಕಲಿಯುವಾಗ ಕಪ್ಪು, ಕಡುನೀಲಿ, ಮರೂನ್ ನೂಲು ತೆಗೆದುಕೊಳ್ಳಬೇಡಿ. ಮಳೆಗಾಲದ ಮಬ್ಬು ಬೆಳಕಿನಲ್ಲಿ, ಅದರ ಮೇಲೆ ಕರೆಂಟೂ ಹೋದಾಗ, ಯಾರ ಕಣ್ಣಿಗೂ ಆ ಕುಣಿಕೆಗಳು ಕಾಣುವುದಿಲ್ಲ. ತಿಳಿ ಹಳದಿಯೋ ಬೂದು ಬಣ್ಣವೋ ಇರಲಿ, ನೂಲು ಒಂದೇ ಬಣ್ಣದ್ದಾಗಿರಲಿ.

ತಪ್ಪಲ್ಲದ್ದನ್ನು ತಪ್ಪೆಂದು ತಿಳಿದು ಕೊರಗುವವರೂ ಬಹಳ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಹೆಣೆದ ತುಂಡಿನ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಅದು ಆ ಹೆಣಿಗೆಯ ಸ್ವಭಾವ. ಜಗತ್ತಿನ ಅತ್ಯಂತ ನುರಿತ ಕೈ ಹೆಣೆದರೂ ಸುತ್ತಿಕೊಳ್ಳುತ್ತದೆ. ಎರಡೂ ಅಂಚಿಗೆ ನಾಲ್ಕು ನಾಲ್ಕು ಕುಣಿಕೆಗಳನ್ನು ಎಲ್ಲ ಸಾಲಿನಲ್ಲೂ ಸೀದಾ ಹೆಣೆದರೆ ಬಹುಮಟ್ಟಿಗೆ ಚಪ್ಪಟೆಯಾಗಿ ಕೂರುತ್ತದೆ.

ತುಂಡು ತಾನಾಗಿ ಅಗಲವಾಗುತ್ತಾ ಹೋದರೆ ಎರಡು ಜಾಗ ನೋಡಿ. ಸಾಲಿನ ಮೊದಲ ಕುಣಿಕೆಯ ನೂಲನ್ನು ಸೂಜಿಯ ಮೇಲಿಂದ ಹಿಂದಕ್ಕೆ ಎಳೆದಿದ್ದರೆ ಒಂದು ಕುಣಿಕೆ ಎರಡಾಗಿ ಕಾಣುತ್ತದೆ. ಸೀದಾದಿಂದ ಉಲ್ಟಾಕ್ಕೆ ಬದಲಿಸುವಾಗ ನೂಲು ಸೂಜಿಗಳ ನಡುವಿನಿಂದ ಬರದೆ ಮೇಲಿನಿಂದ ಬಂದಿದ್ದರೂ ಹೀಗೆಯೇ.

ನನಗೆ ವಯಸ್ಸಾಯಿತು. ಬೆರಳು ಮಾತು ಕೇಳುವುದಿಲ್ಲ. ಈಗ ಕಲಿಯಬಹುದೇ?

ಖಂಡಿತ. ದಿನಕ್ಕೆ ಸ್ವಲ್ಪ ಹೊತ್ತು, ಆದರೆ ದಿನವೂ. ಮಣಿಕಟ್ಟು ನೋಯುವವರು ಉದ್ದನೆಯ ನೇರ ಸೂಜಿಗಳನ್ನು ಬಿಟ್ಟು ವೈರ್ ಇರುವ ವೃತ್ತಾಕಾರದ ಸೂಜಿ ಬಳಸಲಿ. ಹೆಣಿಗೆಯ ಭಾರ ಮಡಿಲಿಗೆ ಬೀಳುತ್ತದೆ, ಕೈಗಲ್ಲ. ಅದರಲ್ಲಿ ನೇರ ಸಾಲನ್ನೂ ಹೆಣೆಯಬಹುದು. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ.

ಯೂಟ್ಯೂಬ್‌ನಲ್ಲಿ ನೋಡಿದರೆ ಸುಲಭ. ನನ್ನ ಕೈಯಲ್ಲಿ ಅದೇ ಬರುವುದಿಲ್ಲವಲ್ಲ?

ಮೊದಲು, ಆ ವಿಡಿಯೊದಲ್ಲಿ ನೂಲು ಯಾವ ಕೈಯಲ್ಲಿದೆ ನೋಡಿ. ನೂಲನ್ನು ಬಲಗೈಯಲ್ಲಿ ಹಿಡಿದು ಸೂಜಿಗೆ ಸುತ್ತುವ ಪದ್ಧತಿ ಒಂದು, ಎಡಗೈ ಬೆರಳಿನಲ್ಲಿ ಹಿಡಿದು ಸೂಜಿಯಿಂದ ಹೆಕ್ಕುವ ಪದ್ಧತಿ ಇನ್ನೊಂದು. ಫಲ ಒಂದೇ. ಆದರೆ ನಿಮ್ಮ ಕೈಗೆ ಒಂದು ರೂಢಿಯಿದ್ದು ಇನ್ನೊಂದನ್ನು ನೋಡಿ ಅನುಕರಿಸಿದರೆ ಗೊಂದಲವಾಗದೆ ಇರದು. ನಿಮ್ಮ ಪದ್ಧತಿಯ ವಿಡಿಯೊ ಹುಡುಕಿ, ವೇಗವನ್ನು ಅರ್ಧಕ್ಕೆ ಇಳಿಸಿ, ಒಂದು ಕುಣಿಕೆ ಮುಗಿಯುವವರೆಗೆ ಮಾತ್ರ ನೋಡಿ ನಿಲ್ಲಿಸಿ.

ಸೂಜಿಯ ಸಂಖ್ಯೆಯೂ ಮೋಸ ಮಾಡುತ್ತದೆ. ನಮ್ಮ ಅಂಗಡಿಗಳಲ್ಲಿ ಹಳೆಯ ಬ್ರಿಟಿಷ್ ಸಂಖ್ಯೆಗಳು ಇನ್ನೂ ಬಳಕೆಯಲ್ಲಿವೆ. ಅದರಲ್ಲಿ 8 ಎಂದರೆ 4 ಮಿಲಿಮೀಟರ್, ಸಂಖ್ಯೆ ಹೆಚ್ಚಿದಂತೆ ಸೂಜಿ ತೆಳು: 10 ಎಂದರೆ 3.25 ಮಿಲಿಮೀಟರ್. ಅಮೆರಿಕದವರ ಲೆಕ್ಕ ತದ್ವಿರುದ್ಧ, ಸಂಖ್ಯೆ ಹೆಚ್ಚಿದಂತೆ ದಪ್ಪ. ಅವರ 8 ಎಂದರೆ 5 ಮಿಲಿಮೀಟರ್. ಅಮೆರಿಕದ ವಿಡಿಯೊ ನೋಡಿ ಇಲ್ಲಿನ 8ನೇ ನಂಬರಿನ ಸೂಜಿ ಕೊಂಡರೆ ಟೋಪಿ ಬಿಗಿಯಾಗುವುದು ಖಚಿತ. ಅದಕ್ಕೆ ನಿಮ್ಮ ಕೈಯನ್ನು ದೂರಬೇಡಿ. ಯಾವಾಗಲೂ ಮಿಲಿಮೀಟರ್ ಕೇಳಿ.

ಕಾರವಾರದವರಿಗೆ ಇನ್ನೊಂದು ಅನುಕೂಲವಿದೆ. ನೌಕಾನೆಲೆಯಿಂದಾಗಿ ಉತ್ತರ ಭಾರತದ ಚಳಿಯ ಊರುಗಳ ಕುಟುಂಬಗಳು ಅಲ್ಲಿ ನೆಲೆಸಿವೆ. ಅವರಲ್ಲಿ ಹೆಣಿಗೆ ಬಲ್ಲವರು ಸಿಗುವ ಸಂಭವ ಹೆಚ್ಚು. ಭಾಷೆ ಅಷ್ಟಾಗಿ ಬಾರದಿದ್ದರೂ ಪಕ್ಕದಲ್ಲಿ ಕೂತು ಕೈ ನೋಡಿದರೆ ಸಾಕಾಗುತ್ತದೆ.

ಒಳ್ಳೆಯ ಮಾದರಿಗಳೆಲ್ಲ ಇಂಗ್ಲಿಷಿನಲ್ಲಿವೆ. ನನಗೆ ಇಂಗ್ಲಿಷ್ ಅಷ್ಟು ಬರುವುದಿಲ್ಲ.

ಹೆಣಿಗೆಯ ಮಾದರಿಯಲ್ಲಿ ಬರುವ ಇಂಗ್ಲಿಷ್ ಕೆಲವೇ ಸಂಕೇತಗಳದ್ದು. ‘ಕೆ’ ಎಂದರೆ ಸೀದಾ, ‘ಪಿ’ ಎಂದರೆ ಉಲ್ಟಾ, ‘ವೈಒ’ ಎಂದರೆ ಸೂಜಿಯ ಮೇಲೆ ನೂಲು ಸುತ್ತುವುದು, ‘ಕೆ2ಟಾಗ್’ ಎಂದರೆ ಎರಡನ್ನು ಒಟ್ಟಿಗೆ ಸೀದಾ ಹೆಣೆಯುವುದು. ಅದು ಬಲಕ್ಕೆ ವಾಲುತ್ತದೆ. ‘ಎಸ್‌ಎಸ್‌ಕೆ’ ಎಂದರೂ ಎರಡನ್ನು ಒಂದಾಗಿಸುವುದೇ, ಆದರೆ ಅದು ಎಡಕ್ಕೆ ವಾಲುತ್ತದೆ. ನಕ್ಷತ್ರದ ಗುರುತುಗಳ ನಡುವೆ ಇರುವುದನ್ನು ಮತ್ತೆ ಮತ್ತೆ ಮಾಡಬೇಕು. ಇವುಗಳನ್ನು ನಿಮ್ಮದೇ ಕನ್ನಡ ಅಕ್ಷರಗಳಲ್ಲಿ ಒಂದು ವಹಿಯಲ್ಲಿ ಬರೆದುಕೊಳ್ಳಿ: ಸೀ4, ಉ2, ಸು1.

ಅದಕ್ಕಿಂತಲೂ ನಾನು ಹೆಚ್ಚು ಮೆಚ್ಚುವುದು ಚೌಕಳಿಯ ನಕ್ಷೆಗಳನ್ನು. ಅದಕ್ಕೆ ಭಾಷೆಯೇ ಬೇಡ. ಒಂದು ಚೌಕ ಒಂದು ಕುಣಿಕೆ. ಕೆಳಗಿನಿಂದ ಮೇಲಕ್ಕೆ ಓದಬೇಕು. ಮುಂಬದಿಯ ಸಾಲನ್ನು ಬಲದಿಂದ ಎಡಕ್ಕೆ, ಹಿಂಬದಿಯ ಸಾಲನ್ನು ಎಡದಿಂದ ಬಲಕ್ಕೆ. ಎಳೆ ಎಣಿಸಿ ಕಸೂತಿ ಹಾಕಿದವರು ಇದನ್ನು ಒಂದೇ ಕೂರಿಕೆಯಲ್ಲಿ ಹಿಡಿಯುವುದನ್ನು ನೋಡಿದ್ದೇನೆ. ‘ನನಗೆ ಏನೂ ಬರುವುದಿಲ್ಲ’ ಎನ್ನುವ ಎಷ್ಟೋ ಮಂದಿಗೆ ಎಣಿಕೆಯ ಕಲೆ ಮೊದಲೇ ಕೈಯಲ್ಲಿರುತ್ತದೆ.

ನಾನು ಹೆಣೆದದ್ದು ಸಮವಾಗಿರುವುದಿಲ್ಲ. ಅಂಗಡಿಯ ಸ್ವೆಟರಿನ ಹಾಗೆ ಯಾವಾಗ ಬರುತ್ತದೆ?

ಮೊದಲು ಒಗೆಯಿರಿ. ಉಣ್ಣೆಯ ಹೆಣಿಗೆಯನ್ನು ತಣ್ಣೀರಿನಲ್ಲಿ ನೆನೆಸಿ, ಹಿಂಡದೆ ಟವೆಲ್ಲಿನಲ್ಲಿ ಸುತ್ತಿ ಒತ್ತಿ, ಚಪ್ಪಟೆಯಾಗಿ ಹರಡಿ ಒಣಗಿಸಿದರೆ ಏರುಪೇರಿನಲ್ಲಿ ಬಹುಪಾಲು ಮಾಯವಾಗುತ್ತದೆ. ಆಕ್ರಿಲಿಕ್‌ಗೆ ಬಿಸಿ ಇಸ್ತ್ರಿ ತಾಗಿಸಬೇಡಿ, ಅದು ಕರಗಿ ಜೀವ ಕಳೆದುಕೊಂಡು ಜೋತುಬೀಳುತ್ತದೆ. ಹತ್ತಿ ನೂಲಿಗೆ ಉಣ್ಣೆಯಷ್ಟು ಎಳೆತ-ಸೆಳೆತವಿಲ್ಲ, ಹಾಗಾಗಿ ಅದು ಕೈಯ ಪ್ರತಿಯೊಂದು ವ್ಯತ್ಯಾಸವನ್ನೂ ತೋರಿಸಿಕೊಡುತ್ತದೆ. ಕರಾವಳಿಯಲ್ಲಿ ಹತ್ತಿಯಿಂದಲೇ ಶುರುಮಾಡಿದವರು ತಮ್ಮ ಕೈ ಕೆಟ್ಟದೆಂದು ನಿರ್ಧರಿಸುವುದಕ್ಕೆ ಇದೊಂದು ಕಾರಣ. ಬೆವರಿದ ಕೈಯಲ್ಲಿ ನೂಲು ಜಾರದೆ ಕುಣಿಕೆ ಬಿಗಿಯಾಗುವುದು ಇನ್ನೊಂದು. ಸ್ವಲ್ಪ ಪೌಡರ್, ನುಣುಪಾದ ಅಲ್ಯೂಮಿನಿಯಂ ಸೂಜಿ ಎರಡೂ ಸಹಾಯ ಮಾಡುತ್ತವೆ.

ಇನ್ನು ಯಂತ್ರದ ಸ್ವೆಟರಿನ ವಿಷಯ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಯನ್ನು ಹತ್ತಿರದಿಂದ ನೋಡಿ. ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ, ಸಾಲುಸಾಲು ಹೊಲಿಗೆ ಕಣ್ಣಿಗೆ ಕಾಣುವಂತೆಯೇ ಇರುತ್ತದೆ. ಆ ಹೊಲಿಗೆಗಳು ಅಚ್ಚು ಹಾಕಿದಂತೆ ಇಲ್ಲವೆಂದು ಯಾರೂ ಅದನ್ನು ಕೀಳಾಗಿ ಕಾಣುವುದಿಲ್ಲ. ಆ ಸಾಲುಗಳೇ ಅದರ ಅಂದ. ನಮ್ಮ ಹೆಣಿಗೆಯನ್ನು ಮಾತ್ರ ಲುಧಿಯಾನದ ಕಾರ್ಖಾನೆಯ ಜೊತೆ ಏಕೆ ಹೋಲಿಸಬೇಕು?

ಅಳತೆ ಎಂದೂ ಸರಿಬರುವುದಿಲ್ಲ. ನನಗೆ ಲೆಕ್ಕ ಬರುವುದಿಲ್ಲ ಅನಿಸುತ್ತದೆ.

ಮಾದರಿ ತುಂಡು ಹೆಣೆಯದೆ ನೇರವಾಗಿ ಶುರುಮಾಡಿರುತ್ತೀರಿ. ಮಾದರಿಯಲ್ಲಿ 10 ಸೆಂಟಿಮೀಟರಿಗೆ 20 ಕುಣಿಕೆ ಎಂದಿದ್ದು, ನಿಮ್ಮ ಕೈಯಲ್ಲಿ 22 ಬಂದರೆ ವ್ಯತ್ಯಾಸ ಎರಡೇ ತಾನೇ ಅನಿಸುತ್ತದೆ. ಆದರೆ 200 ಕುಣಿಕೆಯ ಸ್ವೆಟರಿನ ಸುತ್ತಳತೆ 100 ಸೆಂಟಿಮೀಟರ್ ಆಗುವ ಬದಲು ಸುಮಾರು 91 ಆಗುತ್ತದೆ. ಒಂಬತ್ತು ಸೆಂಟಿಮೀಟರ್ ಕಡಿಮೆಯಾದರೆ ಸ್ವೆಟರ್ ಮೈಗೆ ಹತ್ತುವುದಿಲ್ಲ. 15 ಸೆಂಟಿಮೀಟರ್ ಚೌಕದ ತುಂಡು ಹೆಣೆದು, ಒಗೆದು, ಒಣಗಿಸಿ, ನಡುವಿನ 10 ಸೆಂಟಿಮೀಟರ್ ಎಣಿಸಿ. ಕುಣಿಕೆ ಹೆಚ್ಚಿದ್ದರೆ ದಪ್ಪ ಸೂಜಿ, ಕಡಿಮೆಯಿದ್ದರೆ ತೆಳು ಸೂಜಿ.

ಕಾರವಾರದ ಸೆಕೆಯಲ್ಲಿ ಸ್ವೆಟರ್ ಯಾರಿಗೆ ಎಂದು ಮನೆಯಲ್ಲಿ ನಗುತ್ತಾರೆ.

ನಗಲಿ. ಹತ್ತಿಯಲ್ಲಿ ಸಂತೆಚೀಲ, ಪಾತ್ರೆ ಒರೆಸುವ ಬಟ್ಟೆ, ಮಗುವಿನ ಟೋಪಿ, ತೆಳು ಜಾಲರಿಯ ಶಾಲು ಹೆಣೆಯಿರಿ. ಪಾತ್ರೆ ಒರೆಸುವ ಚೌಕ ಕಲಿಕೆಗೆ ಅತ್ಯುತ್ತಮ: ಒಂದೊಂದು ಚೌಕದಲ್ಲಿ ಒಂದೊಂದು ಹೊಸ ವಿನ್ಯಾಸ, ಕೆಟ್ಟರೂ ಪಾತ್ರೆ ಒರೆಸುತ್ತದೆ. ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದ ಕಡೆ ಡಿಸೆಂಬರಿನ ಬೆಳಗಿಗೆ ಸ್ವೆಟರ್ ಬೇಕೇ ಬೇಕು. ನಮ್ಮದೇ ಜಿಲ್ಲೆಯ ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ವಸಾಹತು ಇದೆ. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರುವುದು ಟಿಬೆಟನ್ ನಿರಾಶ್ರಿತರಲ್ಲಿ ಅನೇಕರ ಜೀವನೋಪಾಯ. ಉಣ್ಣೆ ಈ ಜಿಲ್ಲೆಗೆ ಹೊರಗಿನದೇನೂ ಅಲ್ಲ.

ಮಳೆಗಾಲದಲ್ಲಿ ನೂಲಿಗೆ ಬೂಷ್ಟು ಬರುತ್ತದೆ, ಏನು ಮಾಡುವುದು?

ಪೂರ್ತಿ ಒಣಗಿದ ನೂಲನ್ನು ಮಾತ್ರ ಮುಚ್ಚಿದ ಡಬ್ಬಿಯಲ್ಲಿಡಿ, ಜೊತೆಗೆ ಸಿಲಿಕಾ ಜೆಲ್ ಪೊಟ್ಟಣ. ಬಿಸಿಲು ಬಿದ್ದ ದಿನ ತೆಗೆದು ಗಾಳಿಗೆ ಹರಡಿ. ಉಕ್ಕಿನ ಸೂಜಿಗೆ ತುಕ್ಕು ಹಿಡಿದು ನೂಲಿಗೆ ಕಲೆಯಾಗುತ್ತದೆ; ಅರ್ಧ ಹೆಣೆದದ್ದನ್ನು ಅದರ ಮೇಲೆ ಬಿಡಬೇಡಿ.

ಒಮ್ಮೆಗೆ ಎಷ್ಟು ಹೊಸದನ್ನು ಕಲಿಯಬೇಕು?

ಒಂದನ್ನು. ಹೊಸ ವಿನ್ಯಾಸವಾದರೆ ಪರಿಚಿತ ನೂಲು, ಪರಿಚಿತ ಸೂಜಿ. ಹೊಸ ನೂಲಾದರೆ ಪರಿಚಿತ ವಿನ್ಯಾಸ. ಎರಡೂ ಹೊಸತಾದರೆ ಎಡವಿದ್ದು ಎಲ್ಲಿ ಎಂಬುದೇ ತಿಳಿಯುವುದಿಲ್ಲ. ಹಾಗಾದಾಗಲೇ ಮನಸ್ಸು ‘ನಾನೇ ಸರಿಯಿಲ್ಲ’ ಎಂಬ ತೀರ್ಮಾನಕ್ಕೆ ಬರುವುದು.

ಕಾಲುಚೀಲದ ಹಿಮ್ಮಡಿ ತಿರುಗಿಸುವುದು ಬಹಳ ಕಷ್ಟವಂತೆ. ನಾನು ಪ್ರಯತ್ನಿಸಬಹುದೇ?

ಹೆಸರು ಕೇಳಿಯೇ ಜನ ಹೆದರುವ ಕೆಲಸ ಇದು. ಚಿಕ್ಕ ಕಾಲುಚೀಲದಲ್ಲಿ ಅದು ಆರೇ ಸಾಲು. ನಾಲ್ಕು ಸೂಜಿಗಳ ಗೋಜೂ ಬೇಡ, ದಪ್ಪ ನೂಲು ಮತ್ತು ಎರಡು ನೇರ ಸೂಜಿ ತೆಗೆದುಕೊಂಡು ಈ ಮಧ್ಯಾಹ್ನವೇ ಮಾಡಿನೋಡಿ.

16 ಕುಣಿಕೆ ಹಾಕಿ. ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಎಂದು 16 ಸಾಲು ಹೆಣೆಯಿರಿ. ಪ್ರತಿ ಸಾಲಿನ ಮೊದಲ ಕುಣಿಕೆಯನ್ನು ಹೆಣೆಯದೆ ಸುಮ್ಮನೆ ಬಲ ಸೂಜಿಗೆ ದಾಟಿಸಿ. ಈಗ ತಿರುವು.

ಮೊದಲ ಸಾಲು: 1 ದಾಟಿಸಿ, 8 ಸೀದಾ, 2 ಒಟ್ಟಿಗೆ ಸೀದಾ, 1 ಸೀದಾ. ಎಡ ಸೂಜಿಯಲ್ಲಿ ನಾಲ್ಕು ಉಳಿದಿರುತ್ತವೆ. ಅವುಗಳನ್ನು ಬಿಟ್ಟು ಅಲ್ಲೇ ತಿರುಗಿಸಿ.
ಎರಡನೇ ಸಾಲು: 1 ದಾಟಿಸಿ, 3 ಉಲ್ಟಾ, 2 ಒಟ್ಟಿಗೆ ಉಲ್ಟಾ, 1 ಉಲ್ಟಾ. ಈ ಬದಿಯಲ್ಲೂ ನಾಲ್ಕು ಉಳಿಯುತ್ತವೆ. ತಿರುಗಿಸಿ.
ಮೂರನೆಯದು: 1 ದಾಟಿಸಿ, 4 ಸೀದಾ, 2 ಒಟ್ಟಿಗೆ ಸೀದಾ, 1 ಸೀದಾ, ತಿರುಗಿಸಿ.
ನಾಲ್ಕನೆಯದು: 1 ದಾಟಿಸಿ, 5 ಉಲ್ಟಾ, 2 ಒಟ್ಟಿಗೆ ಉಲ್ಟಾ, 1 ಉಲ್ಟಾ, ತಿರುಗಿಸಿ.
ಐದನೆಯದು: 1 ದಾಟಿಸಿ, 6 ಸೀದಾ, 2 ಒಟ್ಟಿಗೆ ಸೀದಾ, 1 ಸೀದಾ.
ಆರನೆಯದು: 1 ದಾಟಿಸಿ, 7 ಉಲ್ಟಾ, 2 ಒಟ್ಟಿಗೆ ಉಲ್ಟಾ, 1 ಉಲ್ಟಾ.

ಸೂಜಿಯಲ್ಲಿ 10 ಕುಣಿಕೆ ಇರಬೇಕು. ಸಾಲನ್ನು ಅರ್ಧಕ್ಕೆ ಬಿಟ್ಟು ತಿರುಗಿಸುವಾಗ ಏನೋ ತಪ್ಪುತ್ತಿದೆ ಎಂದು ಎಲ್ಲರಿಗೂ ಅನಿಸುತ್ತದೆ, ಅಲ್ಲಿ ನಿಲ್ಲಿಸಬೇಡಿ. ತಿರುಗಿಸಿದ ಜಾಗದಲ್ಲಿ ಒಂದು ಸಣ್ಣ ಸಂದು ಕಾಣುತ್ತದೆ. ಮೂರನೇ ಸಾಲಿನಿಂದ ಮುಂದೆ ಎರಡನ್ನು ಒಟ್ಟಿಗೆ ಹೆಣೆಯುವಾಗ ಆ ಸಂದಿನ ಆಚೆಯ ಒಂದು, ಈಚೆಯ ಒಂದು ಸೇರಬೇಕು. ಸೇರಿದರೆ ನಿಮ್ಮ ಲೆಕ್ಕ ಸರಿಯಿದೆ. ಸೇರದಿದ್ದರೆ ಆ ಸಾಲನ್ನು ಮಾತ್ರ ಬಿಚ್ಚಿ. ಮುಗಿದ ಮೇಲೆ ತುಂಡಿನೊಳಗೆ ಹೆಬ್ಬೆರಳು ಇಟ್ಟು ನೋಡಿ, ಬಟ್ಟಲಿನ ಆಕಾರ ಬಂದಿರುತ್ತದೆ. ಅಂಚಿನಲ್ಲಿ ದಾಟಿಸಿದ ಕುಣಿಕೆಗಳು ಎರಡೂ ಬದಿಗೆ ಎಂಟೆಂಟು ಸಿಗುತ್ತವೆ. ನಿಜವಾದ ಕಾಲುಚೀಲದಲ್ಲಿ ಪಾದದ ಭಾಗ ಶುರುವಾಗುವುದು ಅವುಗಳನ್ನು ಎತ್ತಿಕೊಂಡೇ.